ಐದೂವರೆಗೆ ಬದಲಾಗುತ್ತಿದ್ದ ಹೆಸರು

ಹೋದ ವಾರ ಪಿಂಚಣಿಯ ಕಾಗದವೊಂದರ ಜೆರಾಕ್ಸ್ ಬೇಕಾಗಿ ಮಸ್ಕಿಯಲ್ಲಿ ಬಸ್ಸಿಳಿದೆ. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಂದು ಚಿಕ್ಕ ಅಂಗಡಿ. ಕರೆಂಟ್ ಹೋಗಿ ಆಗಷ್ಟೇ ಬಂದಿತ್ತು. ಯಂತ್ರ ಬಿಸಿಯಾಗುವ ತನಕ ಕೂಡಬೇಕಾಯಿತು. ನನಗೆ ಸುಮ್ಮನೆ ಕೂಡಲು ಬರುವುದಿಲ್ಲ. ಕೈಗಡಿಯಾರ ನೋಡಿದೆ, ಗೋಡೆಯ ಗಡಿಯಾರದೊಂದಿಗೆ ತಾಳೆ ಹಾಕಿದೆ. ಗೋಡೆಯದು ನಾಲ್ಕು ನಿಮಿಷ ಮುಂದಿತ್ತು. ಆಮೇಲೆ ಅಂಗಡಿಯ ಕಂಪ್ಯೂಟರಿನ ಪರದೆ ನೋಡಿದೆ.

ಪರದೆಯ ಕೆಳಗಿನ ಅಂಚಿನಲ್ಲಿ ಗಡಿಯಾರ, ಧ್ವನಿ, ಬ್ಯಾಟರಿ ಎಲ್ಲ ಸಾಲಾಗಿ ಕೂತಿರುವ ಪಟ್ಟಿಯೊಂದು ಇರುತ್ತದಲ್ಲ, ಅದಕ್ಕೆ ಪ್ಯಾನೆಲ್ ಎನ್ನುತ್ತಾರೆ. ಅದರ ಮೇಲೆ ಕೂರುವ ಸಣ್ಣ ಸಾಧನಗಳಿಗೆ ವಿಜೆಟ್ ಎಂದು ಹೆಸರು. ಈ ಪ್ಯಾನೆಲಿನಲ್ಲಿ ಗಡಿಯಾರದ ಎಡಕ್ಕೆ ಒಂದು ನೀಲಿ ಹನಿ, ಪಕ್ಕದಲ್ಲಿ ‘ರೇಣುಕಾ’ ಎಂಬ ಹೆಸರು, ಹೆಸರಿನ ಮೂಲೆಯಲ್ಲಿ ಎರಡು ಅಂಗೈಗಳ ಗುರುತು ಇದ್ದವು. ಆ ಗುರುತು ಪರದೆಯ ಹದಿನಾರು ಚುಕ್ಕೆ ಅಗಲ, ಹದಿನಾರು ಚುಕ್ಕೆ ಎತ್ತರ. ಅಳೆಯದೆ ಹೇಳಬಲ್ಲೆ. ಅದನ್ನು ಬಿಡಿಸಿದವನು ನಾನು.

“ಇದೇನವ್ವಾ?” ಎಂದೆ, ಗೊತ್ತಿಲ್ಲದವನಂತೆ.

“ಅದಾ? ಇವತ್ತು ಅಂಗಡ್ಯಾಗ ಯಾರು ಕೂಡಬೇಕಂತ ತೋರಸ್ತೈತ್ರಿ. ನಾನೂ ನಮ್ಮ ನೆಗೆಣ್ಣೀನೂ, ನಮ್ಮ ಮೈದುನನ ಹೇಣ್ತಿ, ಪಾಳಿ ಮಾಡತೀವಿ,” ಎಂದಳು ಅಂಗಡಿಯ ಹೆಣ್ಣುಮಗಳು. “ಆದ್ರ ಅದರಾಗ ಒಂದ್ ತಪ್ಪೈತಿ ನೋಡ್ರಿ ಯಜ್ಜಾ. ರಾತ್ರಿ ಹನ್ನೆರಡಕ್ಕ ತಾರೀಖು ಬದಲಾದ್ರೂ ಹೆಸರು ಬದಲಾಗಂಗಿಲ್ಲ. ಮುಂಜಾನಿ ಐದೂವರಿಗೆ ಬದಲಾಗತೈತಿ. ಮದುವಿ ಸೀಜನ್ನಾಗ ಕಾರ್ಡ್ ಮಾಡಕೋಂತ ಕುಂತಾಗ ನೋಡೀನಿ. ಯಾರಾದ್ರೂ ಸರಿ ಮಾಡಿದ್ರ ಚೊಲೋ ಇತ್ತು.”

ನನ್ನ ಬಲಗೈ ಮೌಸಿನ ಕಡೆ ಹೊರಟಿತ್ತು. ಅದನ್ನು ಹಿಂದಕ್ಕೆಳೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಇದೇ ಐದೂವರೆಯನ್ನು ಒಮ್ಮೆ ನಾನು ಸರಿ ಮಾಡಿದ್ದೆ. ಅದು ನಾನು ನಿವೃತ್ತನಾದ ಮೇಲಿನ ಮೊದಲ ಬೇಸಿಗೆ ಬೆಳೆಯ ಕಾಲ.

ಮೂವತ್ತನಾಲ್ಕು ವರ್ಷ ನಾನು ಎಡದಂಡೆ ಕಾಲುವೆಯ ಮೇಲೆ ಗೇಜು ಓದುವ ಕೆಲಸ ಮಾಡಿದವನು. ಕಾಲುವೆಯ ಗೋಡೆಗೆ ಬಣ್ಣದಲ್ಲಿ ಅಡಿ, ಅಂಗುಲ ಬರೆದಿರುತ್ತಾರೆ. ನೀರು ಎಲ್ಲಿಯ ತನಕ ನಿಂತಿದೆ ಎಂದು ಮೂರು ಮೂರು ತಾಸಿಗೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಆರು, ಒಂಬತ್ತು, ಹನ್ನೆರಡು, ಮೂರು. ಮಳೆ ಇರಲಿ, ಹಬ್ಬ ಇರಲಿ. ಯಾರ ಪಾಳಿ ಎಷ್ಟಕ್ಕೆ ಮುಗಿಯಿತು ಎನ್ನುವುದಕ್ಕೂ ನನ್ನ ರಿಜಿಸ್ಟರೇ ಸಾಕ್ಷಿ. ಅದರಲ್ಲಿ ಒಂದು ಅಂಕಿಯನ್ನೂ ಹೊಡೆದು ತಿದ್ದಿದವನಲ್ಲ. ಹುಟ್ಟಿದ್ದು ಗುರುಗುಂಟಾದಲ್ಲಿ. ಮಳೆ ನಂಬಿದ ಒಣಭೂಮಿ ಅದು. ಹರಿಯುವ ನೀರನ್ನು ಅಳೆಯುವ ಕೆಲಸ ಸಿಕ್ಕಾಗ ಖಜಾನೆಯ ಕೀಲಿ ಸಿಕ್ಕಷ್ಟು ಸೆಟೆದುಕೊಂಡಿದ್ದೆ. ಆ ಸೆಟೆತ ಕೊನೆಯ ದಿನದವರೆಗೂ ಇಳಿಯಲಿಲ್ಲ.

ಡಿಸೆಂಬರಿನಲ್ಲಿ ನಿವೃತ್ತನಾದೆ. ಜನವರಿಯಲ್ಲಿ ಸಿಂಧನೂರಿನ ಮನೆಯಲ್ಲಿ ನಾಲ್ಕೂವರೆಗೆ ಎದ್ದು, ಆರಕ್ಕೆ ಸ್ನಾನ ಮುಗಿಸಿ, ಮುಂದೇನು ಎಂದು ನಿಂತುಬಿಡುತ್ತಿದ್ದೆ. ಬಚ್ಚಲಿನ ಡ್ರಮ್ಮಿಗೆ ಕೋಲು ಹಾಕಿ ನೀರು ಅಳೆದು ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದೆ. ಮೂರನೆಯ ದಿನ ಹೆಂಡತಿ ಗಂಗಮ್ಮ ಆ ಕೋಲನ್ನು ಒಲೆಗೆ ಹಾಕಿದಳು.

“ಮನ್ಯಾಗ ಕಾಲುವಿ ಹರಿಯಂಗಿಲ್ಲ. ಮೊದಲು ಹೊರಗ ಹೋಗ್ರಿ. ಏನರ ಮಾಡ್ರಿ, ಖರೆ ನನ್ನ ಡ್ರಮ್ಮಿನ ತಂಟಿಗೆ ಬರಬ್ಯಾಡ್ರಿ.”

ಹೊರಗೆ ಹೋದವನು ಸೇರಿದ್ದು ಶಮಶಾದ್ ಬೇಗಂಳ ಕಂಪ್ಯೂಟರ್ ಸೆಂಟರಿಗೆ. ಸೈಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಎಂಟು ಹಳೆಯ ಯಂತ್ರಗಳು. ಸೇವೆಯ ಕೊನೆಯ ವರ್ಷಗಳಲ್ಲಿ ಗೇಜನ್ನು ಕಂಪ್ಯೂಟರಿಗೆ ಹಾಕಬೇಕು ಎಂದಾದಾಗ ನಾನು ಟೈಪು ಕಲಿತದ್ದು ಅವಳ ಹತ್ತಿರವೇ. ಮೂವತ್ತೈದರ ಹೆಣ್ಣುಮಗಳು. ಕನ್ನಡದಲ್ಲಿ ಪಾಠ, ಫೋನಿನಲ್ಲಿ ದಖ್ನಿ, ಕಂಪ್ಯೂಟರ್ ಕೈಕೊಟ್ಟರೆ ಎರಡರಲ್ಲೂ ಬೈಗಳು. ಅವಳ ಯಂತ್ರಗಳಲ್ಲಿ ಇದ್ದದ್ದೆಲ್ಲ ಮುಕ್ತ ತಂತ್ರಾಂಶ. ಅದನ್ನು ಯಾರೂ ಮಾರುವುದಿಲ್ಲ. ಒಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ತಿದ್ದಿದ್ದನ್ನು ಮೂಲ ಬರೆದವರಿಗೆ ಕಳಿಸಿದರೆ, ಅವರು ಒಪ್ಪಿದರೆ, ಎಲ್ಲ ಊರಿನ ಎಲ್ಲ ಯಂತ್ರಗಳಿಗೂ ಹೋಗುತ್ತದೆ. ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ತಪ್ಪು ಕಂಡವನೇ ತಿದ್ದಬಹುದಾದ ಸರ್ಕಾರವೊಂದು ಎಲ್ಲೋ ಇದ್ದಂತೆ.

ಮೊದಲು ಕಂಡ ತಪ್ಪು ತಾರೀಖು ತೋರಿಸುವ ವಿಜೆಟ್‌ನಲ್ಲಿ. ಕನ್ನಡಕ್ಕೆ ಹಾಕಿದರೆ ಅಕ್ಷರಗಳ ಕೆಳಗಿನ ಒತ್ತುಗಳೆಲ್ಲ ಅರ್ಧಕ್ಕೆ ಕತ್ತರಿಸಿಹೋಗುತ್ತಿದ್ದವು. ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿಯದು. ಎರಡು ದಿನ ಹುಡುಕಿ ಒಂದು ಅಂಕಿ ಬದಲಿಸಿದೆ. ಇಡೀ ಪ್ಯಾನೆಲ್ ಪರದೆಯ ಮೇಲಕ್ಕೆ ಹಾರಿತು.

“ಕಾಕಾ, ಗೇಟು ಪೂರಾ ಎತ್ತೀರಿ,” ಎಂದು ನಕ್ಕಳು ಶಮಶಾದ್. “ಸ್ವಲ್ಪ ಇಳಸ್ರಿ. ಒಂದೊಂದ ಅಂಗುಲ.”

ಮೂರನೆಯ ದಿನ ಮೂರೇ ಚುಕ್ಕೆಗಳಷ್ಟು ಜಾಗ ಕೊಟ್ಟಾಗ ಒತ್ತುಗಳು ಪೂರ್ತಿ ಕಂಡವು. ಗೋಡೆಯ ಮೇಲೆ ಗೇಜಿನ ಬಣ್ಣ ಹೊಸದಾಗಿ ಬಳಿದಷ್ಟು ಸಂತೋಷವಾಯಿತು. ಅಲ್ಲಿಂದ ಹುಚ್ಚು ಹಿಡಿಯಿತು. ಧ್ವನಿಯ ಗುಂಡಿ ಒಂದೇ ಸಲಕ್ಕೆ ಬಹಳ ಏರುತ್ತದೆ, ತಿದ್ದು. ಬ್ಯಾಟರಿಯ ಚಿತ್ರ ಅರ್ಧವಿದ್ದಾಗಲೂ ತುಂಬಿದಂತೆ ಕಾಣುತ್ತದೆ, ತಿದ್ದು. ಊಟಕ್ಕೆ ಕೂತಾಗಲೂ ಬೆರಳು ತಟ್ಟೆಯ ಅಂಚಿನ ಮೇಲೆ ಏನನ್ನೋ ಒತ್ತುತ್ತಿತ್ತು.

ಆಗ ಶಮಶಾದ್ ತೋರಿಸಿದ್ದು ಪಾಳಿಯ ವಿಜೆಟ್. ಅದನ್ನು ಬರೆದವಳು ಪೋರ್ಚುಗಲ್ಲಿನ ಒಬ್ಬ ಹೆಣ್ಣುಮಗಳು. ನಾಲ್ವರು ಗೆಳತಿಯರು ಒಂದೇ ಮನೆಯಲ್ಲಿದ್ದರಂತೆ. ಇವತ್ತು ಪಾತ್ರೆ ಯಾರು ತೊಳೆಯಬೇಕು ಎಂದು ಜಗಳ ಬಾರದಿರಲೆಂದು ಪ್ಯಾನೆಲಿನಲ್ಲಿ ದಿನಕ್ಕೊಂದು ಹೆಸರು ಬರುವಂತೆ ಮಾಡಿದ್ದಳು. ಶಮಶಾದ್ ಅದಕ್ಕೆ ನಾಲ್ಕರ ಬದಲು ಹನ್ನೆರಡು ಹೆಸರು ಹಾಕಿ, ವಳಕಮದಿನ್ನಿಯ ನೀರು ಬಳಕೆದಾರರ ಸಂಘದ ಕಂಪ್ಯೂಟರಿನಲ್ಲಿ ಕೂರಿಸಿದ್ದಳು. ಆ ಊರಿನ ಉಪಕಾಲುವೆಯೊಂದರ ಮೇಲೆ ಹನ್ನೆರಡು ಮನೆಯವರ ಗದ್ದೆ. ಚೀಟಿ ಎತ್ತಿ ಸರದಿ ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೆ ಒಂದು ದಿನದ ನೀರು, ಬೆಳಗಿನ ಆರರಿಂದ ಮರುದಿನ ಬೆಳಗಿನ ಆರರವರೆಗೆ. ಹೆಸರು ಬದಲಾದ ಕೂಡಲೇ ಆ ಮನೆಯವರ ಫೋನಿಗೆ ‘ನಿಮ್ಮ ಪಾಳಿ ಶುರು’ ಎಂದು ಸಂದೇಶ ಹೋಗುವಂತೆಯೂ ಮಾಡಿದ್ದಳು.

ಒಂದು ವಾರ ಆ ವಿಜೆಟ್ ನೋಡಿದೆ. ತಪ್ಪು ಸಿಕ್ಕಿತು. ಹೆಸರು ನಡುರಾತ್ರಿ ಬದಲಾಗುತ್ತಿರಲಿಲ್ಲ, ಬೆಳಗಿನ ಐದೂವರೆಗೆ ಬದಲಾಗುತ್ತಿತ್ತು. ಒಳಗೆ ತೆರೆದು ನೋಡಿದೆ. ಅದು ದಿನವನ್ನು ಇಂಗ್ಲೆಂಡಿನ ಗಡಿಯಾರದಿಂದ ಎಣಿಸುತ್ತಿತ್ತು. ಅಲ್ಲಿ ನಡುರಾತ್ರಿಯಾದಾಗ ನಮ್ಮಲ್ಲಿ ಐದೂವರೆ. ಬರೆದವಳ ಊರಿನಲ್ಲಿ ಎರಡು ಗಡಿಯಾರವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವಳಿಗೆ ಕಂಡಿರಲಿಲ್ಲ. ಒಂದೇ ಸಾಲು ತಿದ್ದಿದೆ. ತಾರೀಖು ಎಂದರೆ ತಾರೀಖು. ನನ್ನ ರಿಜಿಸ್ಟರಿನಲ್ಲೂ ರಾತ್ರಿ ಹನ್ನೆರಡರ ಅಳತೆಗೆ ಹೊಸ ಪುಟ ತಿರುಗುತ್ತಿತ್ತು. ಶಮಶಾದ್ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟಳು. ನಾಲ್ಕನೆಯ ದಿನ ಉತ್ತರ ಬಂತು. ಮೂರು ವರ್ಷದಿಂದ ಯಾರೂ ಹಿಡಿಯದ ತಪ್ಪನ್ನು ಹಿಡಿದಿದ್ದೀರಿ, ಒಪ್ಪಿದ್ದೇನೆ, ಧನ್ಯವಾದ. ಕೆಳಗೆ ತಿದ್ದಿದವರ ಪಟ್ಟಿಯಲ್ಲಿ ನನ್ನ ಹೆಸರು. ಆ ಪುಟವನ್ನು ಅಚ್ಚು ಹಾಕಿಸಿ ಗಂಗಮ್ಮನಿಗೆ ತೋರಿಸಿದೆ. “ಪಾತ್ರಿ ತೊಳಿಯೋದ? ಹಂಗಾರ ನಿಮ್ಮ ಹೆಸರೂ ಹಾಕ್ರಿ ಅದರಾಗ,” ಎಂದಳು.

ಶುಕ್ರವಾರ ಮಧ್ಯಾಹ್ನ ಬೈಕಿನ ಮೇಲೆ ವಳಕಮದಿನ್ನಿಗೆ ಹೋಗಿ ನಾನೇ ಹೊಸದನ್ನು ಹಾಕಿದೆ. ಸಂಘದ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಎದ್ದು ನಿಂತು ಹೇಳಿದೆ: “ಇಷ್ಟು ದಿನ ಇದು ತಪ್ಪು ಟೈಮ್ ತೋರಸ್ತಿತ್ತು. ನಾ ಸರಿ ಮಾಡೀನಿ. ಇನ್ನ ಫೋನ್ ಹೇಳಿದ್ದ ಖರೆ ಟೈಮ್.”

“ಗೇಜ್ ಸಾಹೇಬ್ರು ಹೇಳಿದ ಮ್ಯಾಲೆ ಮುಗೀತು,” ಎಂದರು ಯಾರೋ. ಕೇಳಿ ಹಿಗ್ಗಿದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಶಮಶಾದ್ ಫೋನು.

“ಕಾಕಾ, ವಳಕಮದಿನ್ನ್ಯಾಗ ಗದ್ಲ ಆಗೇತಿ. ನಿನ್ನಿ ಪಾಳಿ ದುರುಗಮ್ಮಂದು. ನಡುರಾತ್ರಿ ಹನ್ನೆರಡಕ್ಕ ಮೊಂಡಲ್‌ಗೆ ಫೋನ್ ಹೋಗೇತಿ, ಪಾಳಿ ಶುರು ಅಂತ. ಆತ ಬಂದು ತೂಬು ತನ್ನ ಕಡಿ ತಿರುವ್ಯಾನ. ಆಕಿ ಆರಕ್ಕ ಅಲ್ಲೇನಪ್ಪಾ ಅಂದಳಂತ. ಗೇಜ್ ಸಾಹೇಬ್ರು ಸರಿ ಮಾಡ್ಯಾರ ಅಂದನಂತ. ಆಕಿ ಸುಮ್ಮಕ ಬಿಟ್ಟಾಳ.”

ದುರುಗಮ್ಮ ನನಗೆ ಗೊತ್ತಿದ್ದವಳೇ. ಉಪಕಾಲುವೆಯ ಕಟ್ಟಕಡೆಯ ಮೂರೆಕರೆ ಅವಳದು. ಗಂಡ ತೀರಿಹೋದ ಮೇಲೆ ಒಬ್ಬಳೇ ಮಾಡುತ್ತಿದ್ದಳು. ಮೊಂಡಲ್ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವನು. ವಳಕಮದಿನ್ನಿಯಲ್ಲಿ ಗುತ್ತಿಗೆಗೆ ಗದ್ದೆ ಮಾಡಿದ್ದ.

ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. “ಎಲ್ಲರಿಗೂ ಇಪ್ಪತ್ನಾಲ್ಕು ತಾಸು ಸಿಗತೈತಿ ಶಮಶಾದ್. ಮೊದಲು ಆರರಿಂದ ಆರು, ಈಗ ಹನ್ನೆರಡರಿಂದ ಹನ್ನೆರಡು. ತಪ್ಪೆಲ್ಲೈತಿ?”

“ಎಲ್ಲರಿಗೂ ಸಿಗತೈತಿ, ಹೌದು. ಶುಕ್ರವಾರದ್ದು ಎಣಸ್ರಿ ಕಾಕಾ. ಆರಕ್ಕ ಶುರು, ಹನ್ನೆರಡಕ್ಕ ಬಂದ್. ಎಷ್ಟು ತಾಸು ಆತು?”

ಹದಿನೆಂಟು. ಒಬ್ಬರಿಗೆ ಮಾತ್ರ, ಒಂದೇ ಸಲ, ಆರು ತಾಸು ಕಡಿಮೆ. ಅದೂ ಯಾವ ಆರು ತಾಸು ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಪಾಳಿ ಯಾರದೇ ಇರಲಿ, ಹಗಲೆಲ್ಲ ಮೇಲಿನವರ ಮೋಟರುಗಳು ಕಾಲುವೆಯಿಂದ ಅಷ್ಟಿಷ್ಟು ಎಳೆಯುತ್ತವೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಕಟ್ಟಕಡೆಯ ಗದ್ದೆಗೆ ನೀರು ಏರುವುದು ಆ ಮೋಟರುಗಳು ಮಲಗಿದ ಮೇಲೆ, ನಡುರಾತ್ರಿಯಿಂದ ಬೆಳಗಿನ ತನಕ. ಅವಳ ಇಡೀ ಪಾಳಿಯೇ ಆ ಆರು ತಾಸು. ಭತ್ತ ಹೊಡೆ ಬಿಚ್ಚುತ್ತಿದ್ದ ಹೊತ್ತು ಬೇರೆ. ತೆನೆ ಹೊರಬರುವಾಗ ಬುಡ ಒಣಗಿದರೆ ಕಾಳು ಕಟ್ಟುವುದಿಲ್ಲ, ಜೊಳ್ಳಾಗುತ್ತದೆ. ಮುಂದಿನ ಪಾಳಿ ಬರಲು ಹನ್ನೊಂದು ದಿನ.

ಇದೆಲ್ಲ ಗೊತ್ತಿದ್ದೂ ನಾನು ಏನೆಂದೆ? “ಗಡಿಯಾರ ಸರಿ ಮಾಡೋದು ತಪ್ಪಲ್ಲ. ನಿನ್ನ ಸಂದೇಶ ಆರಕ್ಕ ಹೋಗುವಂಗ ನೀ ಹೊಂದಸಬೇಕಿತ್ತು,” ಎಂದೆ.

“ಐದೂವರಿಗೆ ಫೋನ್ ಬರತಿತ್ತು ಕಾಕಾ. ಎದ್ದು, ಮುಖ ತೊಳಕೊಂಡು, ಚಾ ಕುಡದು ತೂಬಿಗೆ ಹೋಗೋದ್ರಾಗ ಆರು. ತಪ್ಪಿದ್ರೂ ಇದಕ್ಕಿಂತ ಪಾಡ ಇತ್ತು,” ಎಂದು ಶಮಶಾದ್ ಫೋನಿಟ್ಟಳು.

ಮನೆಯಲ್ಲಿ ಕೂರಲಾಗಲಿಲ್ಲ. ಹಳೆಯದನ್ನೇ ಮರಳಿ ಹಾಕಲು ಐದು ನಿಮಿಷ ಸಾಕಿತ್ತು. ಅಂದೇ ಹಾಕಿದ್ದರೆ ಮೊಂಡಲ್‌ನ ಪಾಳಿ ಭಾನುವಾರದ ಆರರವರೆಗೆ ಹಿಗ್ಗುತ್ತಿತ್ತು. ಹೆಚ್ಚಾದ ಆರು ತಾಸನ್ನು ಅವನು ದುರುಗಮ್ಮನಿಗೆ ಬಿಡಬಹುದಿತ್ತು. ಇದೂ ನನಗೆ ಹೊಳೆದಿತ್ತು. ಆದರೆ ಹಾಗೆ ಮಾಡಿದರೆ ತಿದ್ದಿದವರ ಪಟ್ಟಿಯ ಹೆಸರು? ಒಂದು ಅಂಕಿಯನ್ನೂ ಹೊಡೆದು ಬರೆಯದ ಮೂವತ್ತನಾಲ್ಕು ವರ್ಷ? ಗುರುಗುಂಟಾದಲ್ಲಿ ಅಕ್ಕನನ್ನು ನೋಡಿ ಬರುತ್ತೇನೆಂದು ಬಸ್ಸು ಹತ್ತಿದೆ. ಮಸ್ಕಿ ದಾಟಿತು. ಹಸಿರು ಮುಗಿದು ಕಂದು ಶುರುವಾಯಿತು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಬೇಕು. ಮುಂದಿನ ಬಸ್ಸಿಗೆ ನಲವತ್ತು ನಿಮಿಷ. ನಿಲ್ದಾಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಹನ್ನೆರಡು ಸಲ ನಡೆದೆ, ಎಣಿಸುತ್ತ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿಯುತ್ತಿತ್ತು.

ಅಕ್ಕ ನೀಲಮ್ಮನಿಗೆ ಎಪ್ಪತ್ತಾರು. ಹೋಗುವ ಹೊತ್ತಿಗೆ ನಳದ ಮುಂದೆ ಸಾಲು ಇತ್ತು. ಸಾಲಿನಲ್ಲಿ ಜನ ಇರಲಿಲ್ಲ, ಬರೀ ಕೊಡಗಳು. ಅವರೆಲ್ಲ ಎದುರಿನ ಜಗಲಿಯ ನೆರಳಿನಲ್ಲಿ ಕೂತು ಮಾತಾಡುತ್ತಿದ್ದರು. ಒಂದು ಕೊಡ ತುಂಬಿದರೆ ಆ ಕೊಡದವಳು ಎದ್ದು ಹೋಗಿ ಎತ್ತಿಕೊಳ್ಳುವಳು, ಮುಂದಿನದನ್ನು ನಳದ ಕೆಳಗೆ ಸರಿಸುವಳು. ನಾನು ಬೆಳೆದದ್ದೇ ಈ ಸಾಲಿನಲ್ಲಿ. ಅಕ್ಕನ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದೆ. ತಾರೀಖು, ಇಂಗ್ಲೆಂಡಿನ ಗಡಿಯಾರ, ಇಪ್ಪತ್ತನಾಲ್ಕು ತಾಸು, ಎಲ್ಲ. ಅವಳು ತಾಳ್ಮೆಯಿಂದ ಕೇಳಿದಳು.

“ನನಗ ತಿಳೀಲಿಲ್ಲ ತಮ್ಮಾ. ಆಕಿ ಕೊಡ ತುಂಬಿತ್ತೇನು?”

“ಕೊಡ ಅಲ್ಲಕ್ಕ. ಟೈಮಿನ ಲೆಕ್ಕ ಅದು.”

“ಅದ ಕೇಳಾಕತ್ತೀನಿ. ನಳದ ಕೆಳಗ ಆಕಿ ಕೊಡ ಇತ್ತು. ಅರ್ಧ ತುಂಬಿತ್ತು. ಸರಿಸಿದವರ‍್ಯಾರು?”

ಅಕ್ಕನ ಕೊಡ ತುಂಬಿತ್ತು, ಎದ್ದು ಹೋದಳು. ಆ ರಾತ್ರಿ ಅಲ್ಲೇ ಉಳಿದೆ. ಭಾನುವಾರದ ಮೊದಲ ಬಸ್ಸಿಗೆ ಹೊರಟು, ಸಿಂಧನೂರಿನಲ್ಲಿ ಬೈಕು ತೆಗೆದು ಹತ್ತು ಗಂಟೆಗೆ ವಳಕಮದಿನ್ನಿ ಮುಟ್ಟಿದೆ.

ದುರುಗಮ್ಮ ಬದುವಿನ ಮೇಲೆ ಕೂತಿದ್ದಳು. ಗದ್ದೆಯ ಮೇಲಿನ ಅರ್ಧ ಹಸಿಯಾಗಿತ್ತು. ಕೆಳಗಿನ ಅರ್ಧದಲ್ಲಿ ಮಣ್ಣು ಬಿರುಕು ಬಿಡಲು ಶುರುವಾಗಿತ್ತು. ಬಿರುಕಿಗೆ ಬೆರಳಿಟ್ಟೆ, ಮೊದಲ ಗೆಣ್ಣಿನ ತನಕ ಹೋಯಿತು.

“ಗೇಜ್ ತೆಗಿಯಾಕತ್ತೀರೇನ್ರಿ?” ಎಂದಳು.

“ದುರುಗಮ್ಮಾ, ತಪ್ಪು ನಂದು.”

“ಮೊಂಡಲ್ ಫೋನ್ ತೋರಿಸಿದ. ನನಗ ಓದಾಕ ಬರಂಗಿಲ್ಲ. ನಿಮ್ಮ ಹೆಸರು ಹೇಳಿದ. ಅಷ್ಟು ಸಾಕಾತು.” ಎದ್ದು ಸೀರೆಗೆ ಅಂಟಿದ ಮಣ್ಣು ಕೊಡವಿದಳು. “ನನ್ನ ಗಂಡ ಇದ್ದಾಗ ಒಮ್ಮೆ ಎರಡು ತಾಸು ಹೆಚ್ಚು ಕೇಳಾಕ ಬಂದಿದ್ದ ನಿಮ್ಮ ಹತ್ರ. ಕೊಡಲಿಲ್ಲ ನೀವು. ಸಿಟ್ಟಿಗೆದ್ದು ಬಂದ. ನಾ ಅಂದೆ, ಇವತ್ತ ನಮಗ ಕೊಡಲಿಲ್ಲ ಅಂದ್ರ, ನಾಳೆ ನಮ್ಮದು ಇನ್ನೊಬ್ಬರಿಗೂ ಕೊಡಂಗಿಲ್ಲ, ಸುಮ್ಮಕಿರು ಅಂತ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೊಂಡಲ್ ಪಕ್ಕದ ಗದ್ದೆಯಿಂದ ಬಂದ. “ನಿನ್ನಿ ಬಂದಿದ್ರ ನನ್ನ ಪಾಳ್ಯಾಗಿಂದ ತಿರುಗಿಸಿ ಕೊಡತಿದ್ದೆ ಸಾಹೇಬ್ರ. ದಾರಿ ನೋಡಿದೆ. ಈಗ ಪಾಳಿ ಅಮರೇಗೌಡ್ರದು. ರಾತ್ರಿ ಹನ್ನೆರಡಕ್ಕ ಅವರಿಗೆ ಫೋನ್ ಹೋಗೇತಿ.”

ಮೊದಲು ಸಂಘದ ಕಚೇರಿಗೆ ಹೋಗಿ ಹಳೆಯ ವಿಜೆಟ್ಟನ್ನೇ ಮರಳಿ ಹಾಕಿದೆ. ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಅಮರೇಗೌಡರ ತೋಟದ ಮನೆಗೆ ನಡೆದೆ. ಉಪಕಾಲುವೆಯ ಬಾಯಿಯಲ್ಲೇ ಅವರ ಗದ್ದೆ, ಎಲ್ಲರಿಗಿಂತ ದೊಡ್ಡ ಮೋಟರು ಅವರದು. ಹದಿನೈದು ವರ್ಷದ ಹಿಂದೆ ಸಸಿಮಡಿ ಒಣಗುತ್ತಿದ್ದಾಗ ಅವರೂ ನನ್ನ ಹತ್ತಿರ ಎರಡು ತಾಸು ಕೇಳಲು ಬಂದಿದ್ದರು. ಆ ಊರಿನಲ್ಲಿ ಪಾಳಿ ಇದ್ದವನು ಇಲ್ಲದವನಿಗೆ ಒಂದೆರಡು ತಾಸು ಬಿಟ್ಟುಕೊಡುವುದಕ್ಕೆ ಕೈಗಡ ನೀರು ಎನ್ನುತ್ತಾರೆ. ಮರಳಿ ತನ್ನ ಪಾಳಿಯಲ್ಲಿ ಕೊಡಬೇಕು. ಬಾಯಿಮಾತಿನ ವ್ಯವಹಾರ. ನನ್ನ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ, ಆದ್ದರಿಂದ ನಾನಿರುವ ತನಕ ಅದು ನಡೆಯಲಿಲ್ಲ.

ಗೌಡರು ಹೊರಸಿನ ಮೇಲೆ ಕೂತು ಕೇಳಿದರು. ನಾನು ಕಾಗದ ಬಿಡಿಸಿ ತೋರಿಸಿದೆ. ಪಾಳಿ ಮತ್ತೆ ಆರಕ್ಕೆ ಬಂದಿದೆ. ನಿಮ್ಮದು ನಡುರಾತ್ರಿ ಶುರುವಾಗಿದೆ, ನಾಳೆ ಆರಕ್ಕೆ ಮುಗಿಯುತ್ತದೆ. ಅಂದರೆ ಮೂವತ್ತು ತಾಸು. ಹೆಚ್ಚಿಗೆ ಬಂದ ಆರು ತಾಸು ದುರುಗಮ್ಮನದು.

“ಲೆಕ್ಕ ತಿಳೀತು,” ಎಂದರು. “ಈಗ ಒಂದ್ ಹೇಳ್ರಿ ಸಾಹೇಬ್ರ. ಇದು ಹಕ್ಕೋ, ಕೈಗಡವೋ? ಹಕ್ಕಾದ್ರ ಆಫೀಸಿಗೆ ಅರ್ಜಿ ಕೊಡ್ರ್ಯಲ್ಲ. ಬರತಾರ, ನೋಡತಾರ, ಬರಕೊಂತಾರ. ಅಷ್ಟರಾಗ ಸುಗ್ಗಿ ಮುಗೀತೈತಿ.”

ನಾನು ಕಾಗದ ಮಡಚಿದೆ.

“ಆ ವರ್ಷ ನನಗ ಏನಂದಿದ್ರಿ ನೆನಪೈತೇನು?”

“ಪಾಳಿ ಅಂದ್ರ ಪಾಳಿ ಅಂದಿದ್ದೆ ಗೌಡ್ರ.”

“ಹಾಂ. ಇಡೀ ಊರು ಅದನ್ನ ಮಕ್ಕಳಿಗೆ ಹೇಳಿ ಅಣಕಸ್ತಿತ್ತು. ಈಗ ಹೇಳ್ರಿ. ಯಾವುದು?”

“ಕೈಗಡ,” ಎಂದೆ. “ಆರು ತಾಸು ಕೈಗಡ ಕೊಡ್ರಿ ಗೌಡ್ರ. ದುರುಗಮ್ಮಗ. ನಾ ಕೇಳಾಕತ್ತೀನಿ.”

ಗೌಡರು ನಗಲಿಲ್ಲ. ಫೋನು ತೆಗೆದು ಒಬ್ಬೊಬ್ಬರಿಗೇ ಹಚ್ಚತೊಡಗಿದರು. “ಲೇ ಬಸ್ಸ್ಯಾ, ಗೇಜ್ ಸಾಹೇಬ ಕೈಗಡ ಕೇಳಾಕ ಬಂದಾನ. ಹೌದಲೇ, ಖರೇನ. ತೂಬಿನ ಹತ್ರ ಬಾ, ಅವನ ಕೈಲೇನ ತಿರುವಸ್ತೀನಿ. ನೋಡಬೇಕಂದ್ರ ಈಗ ಬಾ, ಮತ್ತ ಸಿಗಂಗಿಲ್ಲ.” ಒಂಬತ್ತು ಜನಕ್ಕೆ ಇದೇ ಮಾತು. ಅವಮಾನ ಮಾಡುತ್ತಿದ್ದಾರೆ ಎಂದುಕೊಂಡೆ.

ಮಧ್ಯಾಹ್ನ ಹನ್ನೆರಡಕ್ಕೆ ತೂಬಿನ ಸುತ್ತ ಅಷ್ಟೂ ಜನ ನೆರೆದಿದ್ದರು. ಬಿಸಿಲಿಗೆ ತೂಬಿನ ತಿರುಗಣೆ ಕಾದಿತ್ತು. ಟವೆಲ್ ಸುತ್ತಿ ಹಿಡಿದು ತಿರುವಿದೆ. ಗೌಡರ ಕಡೆಯದು ಇಳಿಯಿತು, ಕೆಳಗಿನ ದಾರಿ ತೆರೆಯಿತು. “ಪಾಳಿ ಅಂದ್ರ ಪಾಳಿ!” ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ನನಗೂ ನಗು ಬಂತು. ಆಗ ಗಮನಿಸಿದೆ. ಉಪಕಾಲುವೆಯ ಉದ್ದಕ್ಕೂ ಒಂದು ಸದ್ದೂ ಇರಲಿಲ್ಲ. ನೋಡಲು ಬರುವ ಅವಸರದಲ್ಲಿ ಎಲ್ಲರೂ ಮೋಟರು ಬಂದ್ ಮಾಡಿ ಬಂದಿದ್ದರು. ಗೌಡರ ದೊಡ್ಡ ಮೋಟರೂ ಸುಮ್ಮನಿತ್ತು.

“ಚಾ ಮಾಡಿಸೀನಿ. ಕುಂದರ್ರಿ ಎಲ್ಲಾರೂ,” ಎಂದರು ಗೌಡರು. “ಆರು ತಾಸು ಯಾರೂ ಏಳಂಗಿಲ್ಲ. ಸಾಹೇಬ ಎಣಸ್ತಾನ.”

ಎರಡೂವರೆಗೆ ನೀರು ಕಟ್ಟಕಡೆಯ ಗದ್ದೆ ಮುಟ್ಟಿತು. ನಾನು ಬದುವಿನ ಮೇಲೆ ನಿಂತಿದ್ದೆ. ಬಿರುಕಿನೊಳಗೆ ನೀರು ಇಳಿಯುವಾಗ ಸಣ್ಣಗೆ ಸದ್ದು ಬರುತ್ತದೆ, ಮಣ್ಣು ಉಸಿರು ಬಿಟ್ಟ ಹಾಗೆ. ಅಷ್ಟು ವರ್ಷ ಕಾಲುವೆಯ ಮೇಲಿದ್ದೂ ಅದನ್ನು ನಾನು ಕೇಳಿರಲಿಲ್ಲ. ನನ್ನ ಕೆಲಸ ಗೋಡೆಯ ಹತ್ತಿರ ಮುಗಿಯುತ್ತಿತ್ತು. ಆರು ಗಂಟೆಗೆ ದುರುಗಮ್ಮ ಕೇಳಿದಳು, “ಆರು ತಾಸು ಆತೇನ್ರಿ?”

“ಆತು. ಇನ್ನೊಂದರ್ಧ ತಾಸು ಬಿಟ್ಟರೂ ಗೌಡ್ರು ಏನೂ ಅನ್ನಂಗಿಲ್ಲ.”

“ಬ್ಯಾಡ. ಬಂದ್ ಮಾಡ್ರಿ. ನನಗ ಬಂದಷ್ಟು ನಂದು.”

ಬಂದ್ ಮಾಡಿದೆ.

ಪೋರ್ಚುಗಲ್ಲಿನವಳಿಗೆ ಪತ್ರ ಬರೆಯುವುದು ಇದಕ್ಕಿಂತ ಕಷ್ಟವಾಯಿತು. ನನ್ನ ತಿದ್ದುಪಡಿ ತಪ್ಪು, ತೆಗೆದುಹಾಕಿ ಎಂದು ಬರೆಸಿದೆ. ಅವಳಿಗೆ ಅರ್ಥವಾಗಲಿಲ್ಲ. ಮೊದಲಿದ್ದದ್ದು ತಪ್ಪೇ ಅಲ್ಲವೆ, ತಪ್ಪು ಇರಬೇಕು ಎಂದು ಏಕೆ ಕೇಳುತ್ತೀರಿ ಎಂದಳು. ನಮ್ಮಲ್ಲಿ ನೀರಿನ ದಿನ ಬೆಳಕಿನೊಂದಿಗೆ ಶುರುವಾಗುತ್ತದೆ ಎಂದು ಬರೆಸಿದೆ. ಒಬ್ಬ ಹೆಣ್ಣುಮಗಳ ಗದ್ದೆ ಅರ್ಧ ಒಣಗಿತು ಎಂದೂ ಬರೆಸಿದೆ. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ನಾನು ಸೆಂಟರಿನ ಮೆಟ್ಟಿಲು ಹತ್ತಿ ಇಳಿದದ್ದನ್ನು ನೋಡಿ ಕೆಳಗಿನ ಸೈಕಲ್ ಅಂಗಡಿಯವನು, “ಸಾಹೇಬ್ರ, ಮ್ಯಾಲೆ ಹಾಸಿಗಿ ಹಾಕಿಸಲೇನು?” ಎಂದ. ಮೂರನೆಯ ದಿನ ಉತ್ತರ ಬಂತು. ನೀರಿನ ಪಾಳಿಗೆ ಇದನ್ನು ಬಳಸುತ್ತಾರೆ ಎಂದು ಗೊತ್ತಿರಲಿಲ್ಲ, ಆ ಗದ್ದೆ ಈಗ ಹೇಗಿದೆ, ದಿನ ಎಷ್ಟಕ್ಕೆ ಶುರುವಾಗಬೇಕು ಎಂದು ಬಳಸುವವರೇ ಆರಿಸುವಂತೆ ಮಾಡೋಣ, ಬರೆಯುತ್ತೀರಾ?

ಬರೆದೆ. ಶಮಶಾದ್ ಪಕ್ಕದಲ್ಲಿ ಕೂತಳು. ಹಿಂದಿನಂತೆ ತಿದ್ದಿ ಓಡಲಿಲ್ಲ. ಒಂದೊಂದು ಸಾಲು ಬದಲಿಸುವ ಮೊದಲೂ ವಳಕಮದಿನ್ನಿಗೆ ಫೋನು ಮಾಡಿ, “ಹಿಂಗ ಮಾಡಿದ್ರ ಯಾರಿಗೆ ತೊಂದ್ರಿ ಆಗತೈತಿ?” ಎಂದು ಕೇಳುತ್ತಿದ್ದೆ. ಮೊಂಡಲ್ ಕೊನೆಗೆ, “ಸಾಹೇಬ್ರ, ಈಗ ನಿಮ್ಮ ಫೋನಿಂದನ ತೊಂದ್ರಿ ಆಗಾಕತ್ತೈತಿ,” ಎಂದ. ಆಮೇಲೆ ಯಾರೂ ಕೇಳದ ಇನ್ನೊಂದನ್ನು ಸೇರಿಸಿದೆ. ಒಬ್ಬರ ಪಾಳಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಗುಂಡಿ. ಒತ್ತಿದರೆ ಹೆಸರಿನ ಮೂಲೆಯಲ್ಲಿ ಎರಡು ಅಂಗೈ ಕಾಣಬೇಕು. ಅಷ್ಟು ಸಣ್ಣ ಜಾಗದಲ್ಲಿ ಅಂಗೈ ಬಿಡಿಸುವುದು ಸುಲಭವಲ್ಲ. ಮೊದಲಿನದು ಎರಡು ಬಾತುಕೋಳಿಯಂತೆ ಇತ್ತು. ಹದಿನೇಳು ಸಲ ಬಿಡಿಸಿದೆ. ಕನ್ನಡದಲ್ಲಿ ಆ ಗುಂಡಿಯ ಹೆಸರು ಕೈಗಡ. ಪೋರ್ಚುಗೀಸಿನಲ್ಲಿ ಏನಿಟ್ಟಳೋ ಗೊತ್ತಿಲ್ಲ.

ಏಪ್ರಿಲಿನಲ್ಲಿ ದುರುಗಮ್ಮನ ಗದ್ದೆ ಕೊಯ್ಲಾಯಿತು. ಹೋಗಿ ನಿಂತೆ. ಕೆಳಗಿನ ಬದುವಿನ ಉದ್ದಕ್ಕೂ ಎರಡು ಮಾರು ಅಗಲದ ಪಟ್ಟೆಯಲ್ಲಿ ತೆನೆ ಬಿಳಿಚಿಕೊಂಡು ನೆಟ್ಟಗೆ ನಿಂತಿತ್ತು. ಕಾಳಿದ್ದ ತೆನೆ ಬಾಗುತ್ತದೆ, ಜೊಳ್ಳು ಬಾಗುವುದಿಲ್ಲ. ಶನಿವಾರದಂದೇ ನಾನು ಬಂದಿದ್ದರೆ ಆ ಪಟ್ಟೆಯೂ ಬಾಗಿರುತ್ತಿತ್ತು. ಅವಳು ಅದನ್ನು ಹೇಳಲಿಲ್ಲ. ಆಳುಗಳು ಆ ಪಟ್ಟೆಯನ್ನು ದನದ ಮೇವಿಗೆಂದು ಬೇರೆಯೇ ಕೊಯ್ದು ಕಟ್ಟಿದರು. ಎಷ್ಟು ಹೊರೆಯಾಯಿತು ಎಂದು ನಾನು ಎಣಿಸಿದೆ. ಎಲ್ಲಿಯೂ ಬರೆದಿಡಲಿಲ್ಲ, ಆದರೂ ನೆನಪಿದೆ.

ಶಮಶಾದ್‌ಳ ಸೆಂಟರಿನಲ್ಲಿ ಕಲಿತವರು ತಮ್ಮ ತಮ್ಮ ಊರಿಗೆ ಹೋಗುವಾಗ ಆ ವಿಜೆಟ್ಟನ್ನೂ ಒಯ್ದರು, ಬೇರೆ ಹೊತ್ತು ಆರಿಸದಿದ್ದರೆ ಉಳಿಯುವ ಅದರ ಹಳೆಯ ಐದೂವರೆಯ ಸಮೇತ. ಹಾಗೆ ಇದು ಮಸ್ಕಿಗೆ ಬಂದಿರಬೇಕು.

ಜೆರಾಕ್ಸ್ ಯಂತ್ರ ಗುರ್ ಎಂದಿತು. ಅಂಗಡಿಯ ಹೆಣ್ಣುಮಗಳು ನನ್ನ ಕಾಗದವನ್ನು ಗಾಜಿನ ಮೇಲಿಟ್ಟಳು.

“ಒಂದು ಕೇಳತೀನವ್ವಾ,” ಎಂದೆ. “ರಾತ್ರಿ ಒಂದು ಗಂಟೆಗೆ ಕಾರ್ಡ್ ಮಾಡಕೋಂತ ಕುಂತಿರತೀಯಲ್ಲ, ಆವಾಗ ಪಾಳಿ ಯಾರದು?”

“ಮುಂಜಾನಿಂದ ಕುಂತಾಕಿದ.”

“ಹನ್ನೆರಡಕ್ಕ ಹೆಸರು ಬದಲಾದ್ರ?”

ಅವಳು ಮುಚ್ಚಳ ಒತ್ತಿ ಹಿಡಿದೇ ಯೋಚಿಸಿದಳು. “ಮನ್ಯಾಗ ಮಲಗಿದಾಕಿ ಹೆಸರಿಗೆ ಬೀಳತೈತಿ. ಕುಂತಾಕಿದು ಹೋಗತೈತಿ.” ನಕ್ಕಳು. “ಹಂಗಾರ ಇರಲಿ ಬಿಡ್ರಿ ಯಜ್ಜಾ. ತಪ್ಪಿದ್ದದ್ದ ಪಾಡ.”

“ಈ ಕೈ ಗುರುತು ಯಾಕೈತಿ?”

“ಇವತ್ತು ನೆಗೆಣ್ಣಿ ರೇಣುಕಾಂದು ಪಾಳಿ ಇತ್ತು. ಕೂಸಿಗೆ ಜ್ವರ. ನಾನು ಕೈಗಡ ಕುಂತೀನಿ. ಅದನ್ನ ಒತ್ತಿದ್ರ ಹಂಗ ಬರತೈತಿ. ಯಾರು ಮಾಡ್ಯಾರೋ, ಚಂದ ಐತಲ್ಲ? ನಮ್ಮ ಹುಡುಗಿ ಬಾತುಕೋಳಿ ಅಂತಾಳ.”

ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಸಿಂಧನೂರಿನ ಬಸ್ಸು ನಿಂತಿತ್ತು. ಹೊಸ್ತಿಲು ದಾಟುವಾಗ ಇನ್ನೊಮ್ಮೆ ಗೋಡೆಯ ಗಡಿಯಾರ ನೋಡಿದೆ. ಇನ್ನೂ ನಾಲ್ಕು ನಿಮಿಷ ಮುಂದಿತ್ತು. ಸ್ಟೂಲು ಪಕ್ಕದಲ್ಲೇ ಇತ್ತು, ಕೈಗೆಟುಕುತ್ತಿತ್ತು. ಮುಟ್ಟದೆ ಹೋಗಿ ಬಸ್ಸು ಹತ್ತಿದೆ.